ಮಾಲೀಕರ ಸಹಿ

ಬೀದಿಯವರೆಲ್ಲ ಅವಳನ್ನು ಟೇಪಮ್ಮ ಎಂದೇ ಕರೆಯುತ್ತಿದ್ದರು. ಕತ್ತಿನಲ್ಲಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಹಾಲಿನವನಿಗೆ ಬಾಗಿಲು ತೆಗೆಯುವಾಗಲೂ ಅದು ಇರುತ್ತಿತ್ತು, ಒಲೆಯ ಮುಂದೆ ನಿಂತಾಗಲೂ ಇರುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲೊಂದು ಪರದೆ. ಆ ಪರದೆಯ ಹಿಂದೆ ನಿಂತು ಹೆಂಗಸರು ಅಳತೆ ಕೊಡುತ್ತಿದ್ದರು. ಅಳತೆ ಕೊಡುತ್ತ ಕೊಡುತ್ತ ಮನಸ್ಸಿನಲ್ಲಿದ್ದುದನ್ನೂ ಕೊಡುತ್ತಿದ್ದರು. ಮೈಸುತ್ತ ಟೇಪು ಹಿಡಿದವಳ ಹತ್ತಿರ ಏನಂತ ಮುಚ್ಚಿಡುವುದು? "ಮೂರು ತಿಂಗಳು, ಇನ್ನೂ ಯಾರಿಗೂ ಹೇಳಿಲ್ಲ, ಸ್ವಲ್ಪ ಸಡಿಲ ಇರಲಿ" ಎನ್ನುವ ಸೊಸೆಯರು. ಮಗ ತೀರಿಕೊಂಡ ಮೇಲೆ ಊಟ ಸೇರದೆ ಸೊಂಟ ನಾಲ್ಕಿಂಚು ಇಳಿದ ತಾಯಿ. ಇಪ್ಪತ್ತಮೂರು ವರ್ಷದಲ್ಲಿ ಅಂಥದ್ದು ಹತ್ತೊಂಬತ್ತು ಉದ್ದನೆಯ ಪುಸ್ತಕ ತುಂಬಿತ್ತು. ಹೆಸರು, ವಯಸ್ಸು, ಕೆಲಸ, ಅಳತೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಪುಸ್ತಕಗಳೆಲ್ಲ ತಗಡಿನ ಟ್ರಂಕಿನಲ್ಲಿ, ಬೀಗದ ಕೈ ಅತ್ತೆಯ ದಿಂಬಿನ ಕೆಳಗೆ.

ಅತ್ತೆ ಕಾಜಾ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಎಪ್ಪತ್ತು ದಾಟಿದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ ಎಂಬ ಜಂಬ. ಗಂಡ ಶಾಲಾ ವ್ಯಾನಿನ ಡ್ರೈವರು. ಒಬ್ಬಳೇ ಮಗಳು. ಡಿಗ್ರಿ ಮುಗಿಸಿ ವರ್ಷವಾಗಿತ್ತು. ಹೋದ ಕಡೆಯೆಲ್ಲ "ಅನುಭವ ಇದೆಯಾ" ಎಂದು ಕೇಳಿ ವಾಪಸು ಕಳಿಸಿದ್ದರು. "ಡಿಗ್ರಿ ಗೋಡೆಗೆ, ಹುಡುಗಿ ಮೂಲೆಗೆ" ಎಂದು ಅಜ್ಜಿ ತಮಾಷೆ ಮಾಡಿದರೆ ಅವಳು ತಟ್ಟೆ ಬಿಟ್ಟು ಏಳುತ್ತಿದ್ದಳು.

ಒಂದು ಸಂಜೆ ಅದೇ ಮಗಳು ತಟ್ಟೆ ಹಾಕುವ ಮೊದಲೇ ಬಂದು ಕೂತಳು.

"ಅಮ್ಮ, ವಿಶ್ವವಿದ್ಯಾಲಯದಲ್ಲಿ ಡೇಟಾ ತರಬೇತಿ ಕೊಡ್ತಾರಂತೆ. ಎಂಟು ಶನಿವಾರ. ಫೀಸಿಲ್ಲ."

"ಡೇಟಾ ಅಂದ್ರೆ ಫೋನಿಗೆ ಹಾಕಿಸ್ತೀವಲ್ಲ, ಅದಾ? ಅದನ್ನ ಖಾಲಿ ಮಾಡೋಕೆ ನಿಂಗ್ಯಾಕೆ ತರಬೇತಿ?" ಎಂದಳು ಅಜ್ಜಿ.

"ಅದಲ್ಲ ಅಜ್ಜಿ. ರಾಶಿ ರಾಶಿ ಮಾಹಿತಿ ಇರುತ್ತೆ. ಅದನ್ನ ಆರಿಸಿ, ಜೋಡಿಸಿ, ಏನು ಗೊತ್ತಾಗುತ್ತೆ ಅಂತ ನೋಡೋದು. ಚೆನ್ನಾಗಿ ಮಾಡಿದವರನ್ನ ಅವರ ಸಂಶೋಧಕರ ಬಳಗಕ್ಕೆ ಸೇರಿಸ್ಕೋತಾರೆ. ಅಲ್ಲಿ ಸೇರಿದ್ರೆ ತಿಂಗಳು ತಿಂಗಳು ಭತ್ಯೆ, ಆಮೇಲೆ ಕೆಲಸಕ್ಕೂ ದಾರಿ."

"ಅಕ್ಕಿ ಆರಿಸೋ ಹಾಗೆ ಅನ್ನು."

"ಹೋಗು" ಎಂದಳು ತಾಯಿ. "ನಾಳೇನೇ ಹೆಸರು ಬರೆಸು. ಬಸ್ಸಿಗೆ ನಾನು ಕೊಡ್ತೀನಿ."

ಮಗಳು ಹೋದಳು. ಎರಡನೇ ವಾರಕ್ಕೇ ಮುಖದಲ್ಲಿ ಕಳೆ ಬಂತು. ಊಟಕ್ಕೆ ಕೂತರೆ ಮಾತು ನಿಲ್ಲದು: ಅಲ್ಲಿನ ಕಂಪ್ಯೂಟರ್ ಕೋಣೆ, ಕಲಿಸುವ ಮೇಡಂ, ಪಕ್ಕದಲ್ಲಿ ಕೂರುವ ನಿವೃತ್ತ ಅಂಚೆಯವರು, ಎರಡು ಮಕ್ಕಳ ತಾಯಿಯಾದ ನರ್ಸು. ಟೇಪಮ್ಮನಿಗೆ ಅರ್ಥವಾದದ್ದು ಅರ್ಧವೇ ಆದರೂ ಮಗಳ ತಟ್ಟೆ ಖಾಲಿಯಾಗುವುದನ್ನು ನೋಡಿ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಮೂರನೇ ಶನಿವಾರ ಮಗಳು ಬಂದವಳೇ ಅಂಗಡಿಯಲ್ಲಿ ನಿಂತಳು.

"ಅಮ್ಮ, ಎಲ್ಲರೂ ತಮ್ಮದೇ ಒಂದು ಡೇಟಾ ತರಬೇಕಂತೆ. ಕೊನೇ ವಾರ ಪ್ರದರ್ಶನ. ಅದನ್ನ ನೋಡಿ ಬಳಗಕ್ಕೆ ಆರಿಸ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ಅಲ್ಲಿ ಇಲ್ಲಿ ಹುಡುಕ್ತಾ ಇದ್ದೆ. ನಮ್ಮ ಮನೇಲೇ ಇದೆ."

ಮಿಷನ್ನು ತುಳಿಯುತ್ತಿದ್ದ ಟೇಪಮ್ಮನ ಕಾಲು ನಿಂತಿತು. "ಯಾವುದು?"

"ಅಳತೆ ಪುಸ್ತಕ. ಇಪ್ಪತ್ತಮೂರು ವರ್ಷದ್ದು! ಒಂದೇ ಬೀದಿ ಹೆಂಗಸರ ಮೈ ಹೇಗೆ ಬದಲಾಯ್ತು ಅಂತ ಯಾರ ಹತ್ರಾನೂ ಇರಲ್ಲ ಅಮ್ಮ. ಹೆಸರು ಹಾಕಲ್ಲ. ಬರೀ ನಂಬರು."

"ಬೇಡ."

"ಯಾಕೆ?"

"ಅದು ನಮ್ಮದಲ್ಲ. ಪರದೆ ಹಿಂದೆ ನಿಂತು ಅವರು ಹೇಳಿದ್ದು. ನಿಮ್ಮಪ್ಪಂಗೂ ನಾನು ಓದಿ ಹೇಳಿಲ್ಲ. ಆರ್ಡರ್ ಪುಸ್ತಕ ಬೇಕಾದ್ರೆ ತಗೋ. ಯಾವ ತಿಂಗಳು ಎಷ್ಟು ಕೋಟು, ಎಷ್ಟು ಲಂಗ, ಅದರಲ್ಲಿ ಎಲ್ಲ ಇದೆ."

"ಅದರಲ್ಲಿ ಏನಿದೆ ಮಣ್ಣು!"

ಎರಡು ದಿನ ಮಾತಿಲ್ಲ. ಮೂರನೇ ದಿನ ಮಗಳು ತಾನಾಗಿಯೇ ಆರ್ಡರ್ ಪುಸ್ತಕ ಕೇಳಿದಳು, ಟೀ ಮಾಡಿಕೊಟ್ಟಳು. ತಾಯಿಯ ಕರುಳು ತಣ್ಣಗಾಯಿತು.

ಆಮೇಲಿನ ದಿನಗಳು ಆ ಮನೆಯಲ್ಲಿ ಅಪರೂಪದ ದಿನಗಳು. ಅತ್ತೆ ಎಂದೂ ಇಲ್ಲದ್ದು, "ದಾರ ನೀನೇ ಹೋಗಿ ಆರಿಸ್ಕೊಂಡು ಬಾ, ನಂಗೆ ಬಣ್ಣ ಗೊತ್ತಾಗಲ್ಲ" ಎಂದು ಅವಳನ್ನು ಪೇಟೆಗೆ ಕಳಿಸಿದಳು. ಒಂದು ಭಾನುವಾರ ಬೆಳಿಗ್ಗೆ ಗಂಡ ಗಡ್ಡ ಹೆರೆದುಕೊಂಡು ಬಂದು, "ಹೊರಡು, ಕೆರೆ ಕಡೆ ಹೋಗಿ ಬರೋಣ. ನೀನು ಈ ಕೋಣೆ ಬಿಟ್ಟು ಎಷ್ಟು ವರ್ಷ ಆಯ್ತು?" ಎಂದ. ಇಬ್ಬರೂ ಖಾಲಿ ವ್ಯಾನಿನಲ್ಲಿ ಹೋದರು. ದಂಡೆಯ ಮೇಲೆ ಕೂತು ಬೇಯಿಸಿದ ಮೊಟ್ಟೆ ತಿಂದರು. ಗಂಡ ಹಳೆಯ ಜೋಕುಗಳನ್ನೆಲ್ಲ ಹೇಳಿದ. ಮಧ್ಯಾಹ್ನ ಕಳೆದರೂ, "ಇನ್ನೂ ಸ್ವಲ್ಪ ಹೊತ್ತು ಕೂರೋಣ" ಎಂದ. ಟೇಪಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮನೆಗೆ ಬಂದ ಮೇಲೂ, ಆ ವಾರವೆಲ್ಲ, ಮಿಷನ್ನು ತುಳಿಯುತ್ತ ಒಬ್ಬಳೇ ನಗುತ್ತಿದ್ದಳು.

ಎಂಟನೇ ಶನಿವಾರ ಪ್ರದರ್ಶನ. ಮಗಳು ತನ್ನ ಲೆಕ್ಕದ ಟೀಚರನ್ನೂ ಕರೆದಿದ್ದಳು. ಐದನೇ ತರಗತಿಯಿಂದ ಹತ್ತರವರೆಗೆ ಅವಳ ಕೈ ಹಿಡಿದು ಲೆಕ್ಕ ತಿದ್ದಿದವರು. ಟೇಪಮ್ಮನ ಗಿರಾಕಿ, ಹದಿನೆಂಟು ವರ್ಷದಿಂದ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದು, ಪರದೆ ಎಳೆದು, ಅಂಗಿಯ ಗುಂಡಿ ಬಿಚ್ಚಿದ್ದರು. ರಜಾ ಹಾಕಿ ದೂರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಎಡಗಡೆಯ ಎದೆ ಇರಲಿಲ್ಲ. "ಶಾಲೇಲಿ ಯಾರಿಗೂ ಗೊತ್ತಿಲ್ಲಮ್ಮ. ಗೊತ್ತಾಗೋದೂ ಬೇಡ. ಬೋರ್ಡಿನ ಮುಂದೆ ನಿಂತ್ರೆ ಮಕ್ಕಳು ಲೆಕ್ಕ ನೋಡಬೇಕು, ನನ್ನನ್ನಲ್ಲ" ಎಂದಿದ್ದರು. ಟೇಪಮ್ಮ ಅವರ ಅಂಗಿಗಳಿಗೆ ಒಳಗೊಂದು ಜೇಬು ಹೊಲಿದು, ಹತ್ತಿ ತುಂಬಿ, ತೂಕ ಸರಿಹೋಗುವವರೆಗೆ ಮೂರು ಸಲ ಬಿಚ್ಚಿ ಹೊಲಿದಿದ್ದಳು. ಆ ಅಂಗಿಗಳ ಕಾಜಾವನ್ನೂ ಅತ್ತೆಗೆ ಕೊಡದೆ ತಾನೇ ಹಾಕುತ್ತಿದ್ದಳು.

ವಿಶ್ವವಿದ್ಯಾಲಯದ ಹಜಾರದ ತುಂಬ ದೊಡ್ಡ ದೊಡ್ಡ ಹಾಳೆಗಳನ್ನು ಅಂಟಿಸಿದ್ದರು. ಅಂಚೆಯವರದ್ದು ಕಾಗದಗಳ ಲೆಕ್ಕ, ನರ್ಸಿನದ್ದು ಲಸಿಕೆಯ ಲೆಕ್ಕ. ಮಗಳ ಹಾಳೆಯ ಮುಂದೆ ಎಲ್ಲಕ್ಕಿಂತ ಹೆಚ್ಚು ಜನ. ಟೀಚರು ಅದಾಗಲೇ ಬಂದಿದ್ದರು. ಜೊತೆಯಲ್ಲಿ ಅವರ ಶಾಲೆಯ ಹೆಡ್‌ಮೇಡಂ. ಟೇಪಮ್ಮ ಹೆಮ್ಮೆಯಿಂದ ಜನರ ನಡುವೆ ತೂರಿಕೊಂಡು ಹೋಗಿ, ತಲೆ ಎತ್ತಿ ನೋಡಿದಳು.

ಅಲ್ಲಿದ್ದದ್ದು ಅವಳದೇ ಕೈಬರಹ.

ಅಳತೆ ಪುಸ್ತಕದ ಒಂದು ಪುಟವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಹಾಕಿದ್ದರು. ಹೆಸರಿನ ಮೇಲೆ ಕಪ್ಪು ಪಟ್ಟಿ. ಪಕ್ಕದಲ್ಲಿ ಅಚ್ಚಾದ ಅಕ್ಷರ: "ಸಂಖ್ಯೆ 41. ಶಿಕ್ಷಕಿ. ವಯಸ್ಸು 46." ಕೆಳಗೆ ಅವಳ ಸಣ್ಣ ಅಕ್ಷರದ ಟಿಪ್ಪಣಿ, ಈಗ ಹೆಬ್ಬೆರಳಿನ ಗಾತ್ರ: "ಎಡಕ್ಕೆ ಒಳಜೇಬು, ಹತ್ತಿಗೆ. ಕತ್ತು ಮುಚ್ಚಿರಲಿ. ಎಡಗೈ ಎತ್ತಿದರೆ ನೋವು."

ಮಗಳು ಕೋಲು ಹಿಡಿದು ವಿವರಿಸುತ್ತಿದ್ದಳು. "ಎಲ್ಲರ ಅಳತೆ ನಿಧಾನವಾಗಿ ಬದಲಾಗುತ್ತೆ. ಆದ್ರೆ ಈ ಒಂದು ಸಾಲು ನೋಡಿ, ಒಂದೇ ಸಲಕ್ಕೆ ಬದಲಾಗಿದೆ, ಅದೂ ಒಂದೇ ಕಡೆ. ಇದು ಬಹುಶಃ ಶಸ್ತ್ರಚಿಕಿತ್ಸೆ. ಅಂದ್ರೆ, ಆಸ್ಪತ್ರೆಗೆ ಗೊತ್ತಿರೋದು ಒಬ್ಬ ದರ್ಜಿಯ ಪುಸ್ತಕದಲ್ಲೂ ಸಿಗುತ್ತೆ!"

ಜನ ತಲೆದೂಗಿದರು. ಹೆಡ್‌ಮೇಡಂ ಹಾಳೆ ಓದಿದರು. ಓದಿ, ಪಕ್ಕದಲ್ಲಿ ನಿಂತ ಟೀಚರ ಎಡಭಾಗದ ಕಡೆ ಒಮ್ಮೆ ನೋಡಿದರು. ನೋಡಿದ್ದು ತಪ್ಪಾಯಿತೆನ್ನುವಂತೆ ಥಟ್ಟನೆ ಬೇರೆ ಕಡೆ ತಿರುಗಿದರು.

ಟೀಚರು ಯಾರನ್ನೂ ನೋಡಲಿಲ್ಲ. ಶಾಲನ್ನು ಎದೆಯ ಮೇಲೆ ಎಳೆದುಕೊಂಡು ಬಾಗಿಲ ಕಡೆ ನಡೆದರು. ಟೇಪಮ್ಮ ಹಿಂದೆ ಓಡಿ, "ಟೀಚರ್, ನಾನಲ್ಲ... ನಂಗೆ ಗೊತ್ತೇ ಇರ್ಲಿಲ್ಲ..." ಎಂದಳು.

"ಅಕ್ಷರ ನಿಮ್ಮದೇ ಅಲ್ವಾ?" ಎಂದರು ಟೀಚರು. ಅಷ್ಟೇ. ಮೆಟ್ಟಿಲಿಳಿದು ಹೋದರು.

ಮನೆಗೆ ಬಂದವಳು ಕತ್ತಿನ ಟೇಪನ್ನು ತೆಗೆದು ಮೇಜಿನ ಮೇಲೆ ಎಸೆದಳು.

"ಟ್ರಂಕು ಯಾರು ತೆಗೆದದ್ದು?"

ಅತ್ತೆ ಗುಂಡಿಯ ಡಬ್ಬಿಯಲ್ಲಿ ಕೈಯಾಡಿಸಿದಳು. "ಮಗು ಕೇಳ್ತು, ಕೊಟ್ಟೆ. ಹುಡುಗಿಗೆ ಒಂದು ದಾರಿಯಾಗಲಿ ಅಂತ. ನಾನೇನು ಕದ್ದು ಮಾರಿದ್ನಾ?"

"ಯಾವಾಗ ಕೊಟ್ರಿ?"

"ನೀನು ದಾರ ತರೋಕೆ ಹೋದಾಗ ಒಂದಿಷ್ಟು. ಉಳಿದದ್ದು ಆ ಭಾನುವಾರ."

ಟೇಪಮ್ಮ ಗಂಡನ ಕಡೆ ತಿರುಗಿದಳು. ಅವನು ವ್ಯಾನಿನ ಬೀಗದ ಕೈಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ.

"ಕೆರೆಗೆ ಕರ್ಕೊಂಡು ಹೋಗಿದ್ದು ಅದಕ್ಕಾ ರೀ?"

"ಅದಕ್ಕೇ ಅಂತಲ್ಲ..."

"ಹೌದೋ ಅಲ್ವೋ ಹೇಳಿ."

"ಅವಳಿಗೆ ಫೋಟೋ ತೆಗೆಯೋಕೆ ಒಂದು ದಿನ ಬೇಕಿತ್ತು. ನೀನು ಒಪ್ತಿರ್ಲಿಲ್ಲ. ಹೋಗಿದ್ದು ನಿಂಗೂ ಖುಷಿ ಆಯ್ತಲ್ಲ?"

ಟೇಪಮ್ಮ ಸ್ಟೂಲಿನ ಮೇಲೆ ಕೂತಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳುವುದು? ಮಗಳು ಬಾಗಿಲಲ್ಲಿ ಅಳುತ್ತಿದ್ದಳು. "ಅದು ಟೀಚರದ್ದು ಅಂತ ನಂಗೆ ಗೊತ್ತಿರ್ಲಿಲ್ಲ ಅಮ್ಮ. ಆಣೆ. ಇನ್ನೂರು ಹೆಸರಿಗೂ ಒಟ್ಟಿಗೆ ಪಟ್ಟಿ ಹಾಕಿ ಮುಚ್ಚಿದ್ದೆ. ನಂಬರು ಹಾಕಿದ ಮೇಲೆ ಎಲ್ಲಾ ಒಂದೇ ಥರ ಕಾಣ್ಸುತ್ತೆ. ಆ ಸಾಲನ್ನ ದೊಡ್ಡದು ಮಾಡಿ ಹಾಕು, ಅದೇ ವಿಶೇಷ ಅಂತ ತರಗತೀಲಿ ಎಲ್ಲರೂ ಹೇಳಿದ್ರು."

"ಯಾರದ್ದು ಅಂತ ಗೊತ್ತಿಲ್ದೇ ಇದ್ರೂ, ನಿಂದಲ್ಲ ಅಂತ ಗೊತ್ತಿತ್ತಲ್ಲ?"

ಆ ದಿನ ಒಲೆ ಹೊತ್ತಲಿಲ್ಲ. ಅತ್ತೆ ಬ್ರೆಡ್ಡು ಹಂಚಿದಳು. ಟೇಪಮ್ಮ ಮುಟ್ಟಲಿಲ್ಲ.

ಸೋಮವಾರ ಅಂಗಡಿ ಬಾಗಿಲು ಹಾಕಿ, ಎರಡು ಬಸ್ಸು ಬದಲಾಯಿಸಿ ಅವಳೊಬ್ಬಳೇ ವಿಶ್ವವಿದ್ಯಾಲಯಕ್ಕೆ ಹೋದಳು. ಮಗಳಿಗೆ ಕಲಿಸಿದ ಬಳಗದ ಮೇಡಂ ಒಳ್ಳೆಯವರು. ಕೂರಿಸಿ, ಪೂರ್ತಿ ಕೇಳಿ, ಮುಖ ಸಣ್ಣದು ಮಾಡಿಕೊಂಡರು. ಆಗಲೇ ಆಳನ್ನು ಕರೆದು ಹಾಳೆ ತೆಗೆಸಿದರು.

"ಫೋಟೋಗಳು, ಅಂಕಿಗಳು? ಅವೆಲ್ಲ ನಿಮ್ಮ ಕಂಪ್ಯೂಟರಲ್ಲಿದೆಯಂತಲ್ಲ?"

"ಅಳಿಸಬಹುದು. ಆದ್ರೆ ನಿಯಮದ ಪ್ರಕಾರ, ಒಪ್ಪಿಗೆ ಕೊಟ್ಟವರೇ ಅದನ್ನ ವಾಪಸ್ ತಗೊಂಡು ಬರೆದುಕೊಡಬೇಕು."

"ನಾನೆಲ್ಲಿ ಒಪ್ಪಿಗೆ ಕೊಟ್ಟೆ?"

ಮೇಡಂ ಫೈಲಿನಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟರು. "ಅಂಗಡಿ ಮಾಲೀಕರ ಒಪ್ಪಿಗೆ" ಎಂದು ಮೇಲೆ. ಕೆಳಗೆ ಗಂಡನ ಸಹಿ. ಬಾಲ ಉದ್ದ ಎಳೆದ, ಅವಳು ಬಲ್ಲ ಸಹಿ. ಜೊತೆಗೆ ಅಂಗಡಿ ಪರವಾನಗಿಯ ಪ್ರತಿ. ಮದುವೆಯಾದ ಹೊಸದರಲ್ಲಿ, ಮನೆ ಅವನ ಹೆಸರಲ್ಲಿದೆಯೆಂದು ಪರವಾನಗಿಯನ್ನೂ ಅವನ ಹೆಸರಲ್ಲೇ ಮಾಡಿಸಿದ್ದರು. ಅವಳು ಅದನ್ನು ಮರೆತೇಬಿಟ್ಟಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಒಂದು ಸೂಜಿಯನ್ನೂ ಎತ್ತಿಟ್ಟವನಲ್ಲ.

"ಇವರು ಮಾಲೀಕರಲ್ವಾ?" ಎಂದರು ಮೇಡಂ, ಮೆಲ್ಲಗೆ.

"ಕಾಗದದಲ್ಲಿ ಹೌದು" ಎಂದಳು ಟೇಪಮ್ಮ. ಬಸ್‌ಸ್ಟಾಪಿಗೆ ಬಂದು ಕಲ್ಲಿನ ಮೇಲೆ ಕೂತಳು. ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತಿದಳು.

ಅವಳು ತಂದ ವಾಪಸಾತಿ ಅರ್ಜಿ ಊಟದ ಮೇಜಿನ ಮೇಲೆ ಒಂಬತ್ತು ದಿನ ಬಿದ್ದಿತ್ತು. ಗಂಡ ಅದನ್ನು ಸರಿಸಿ ತಟ್ಟೆ ಇಟ್ಟುಕೊಳ್ಳುತ್ತಿದ್ದ.

"ಸಹಿ ಹಾಕಿದ್ರೆ ಬಳಗದಲ್ಲಿ ಅವಳಿಗೆ ಸಿಕ್ಕ ಸೀಟು ಹೋಗುತ್ತೆ ಕಣೇ. ಹಾಳೆ ಇಳಿಸಿ ಆಯ್ತಲ್ಲ. ಇನ್ನೇನು?"

"ಇನ್ನೂರು ಹೆಂಗಸರ ಮೈ ಅಲ್ಲಿದೆ ರೀ."

"ಎಲ್ಲ ನಂಬರು. ಯಾರು ನೋಡ್ತಾರೆ?"

"ಹೆಡ್‌ಮೇಡಂ ನೋಡಿದ್ರು."

"ಹೊರಗಿನವರಿಗೋಸ್ಕರ ಮನೆ ಮಗು ಕುತ್ತಿಗೆ ಕುಯ್ಯೋಕೆ ಹೊರಟೆಯಾ?" ಎಂದು ಅತ್ತೆ ಸೇರಿಸಿದಳು. "ಮನೆಗೆ ಮಾರಿ, ಊರಿಗೆ ಉಪಕಾರಿ!"

"ಅತ್ತೆ, ಆ ಹೊರಗಿನವರು ಕೊಟ್ಟ ಕೆಲಸದಲ್ಲೇ ನಾವು ಇಷ್ಟು ವರ್ಷ ಉಂಡದ್ದು. ಹಾಕಿ ರೀ ಸಹಿ. ಮಾಲೀಕರು ನೀವೇ ತಾನೆ? ಹಾಗಾದ್ರೆ ನಾಳೆಯಿಂದ ಹೊಲಿಗೇನೂ ನೀವೇ ಹೊಲೀರಿ."

ಮಾರನೆಯ ದಿನ ನಿಜವಾಗಿಯೂ ಅವಳು ಮಿಷನ್ನಿಗೆ ಕೂರಲಿಲ್ಲ. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಮುಂದಿನ ಕೋಣೆಗೆ ಮಾತ್ರ ಕಾಲಿಡಲಿಲ್ಲ. ಬಂದ ಗಿರಾಕಿಗಳಿಗೆ, "ಮಾಲೀಕರನ್ನ ಕೇಳಿ" ಎಂದು ಗಂಡನ ಕಡೆ ಕೈ ತೋರಿಸಿದಳು. ಅವನು ಪೆಚ್ಚಾಗಿ ನಿಂತ. ಹೆಂಗಸರು ಅರ್ಧಂಬರ್ಧ ಹೊಲಿದ ಬಟ್ಟೆಗಳನ್ನು ಮಡಚಿಕೊಂಡು ಹೋದರು. ಮೂರನೇ ದಿನ ಮಗಳೇ ಅರ್ಜಿಯನ್ನು ಎತ್ತಿ ಅಪ್ಪನ ಮುಂದೆ ಹಿಡಿದಳು.

"ಹಾಕಪ್ಪ. ಸಾಕು."

ಅವನು ಹಾಕಿದ. ಹಾಕುವಾಗ, "ನಾನು ಅವಳ ಒಳ್ಳೇದಕ್ಕೇ ಮಾಡಿದ್ದು" ಎಂದ. ಮಗಳು ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅಂಕಿಗಳನ್ನು ಅಳಿಸಿದ್ದೇವೆಂದು ಕಾಗದ ಬಂತು. ಅದನ್ನು ಹಿಡಿದುಕೊಂಡು ಟೇಪಮ್ಮ ಟೀಚರ ಮನೆಗೆ ಹೋದಳು. ಬಾಗಿಲು ಅರ್ಧ ತೆರೆಯಿತು. ಟೀಚರು ಕಾಗದ ಓದಿ ವಾಪಸು ಕೊಟ್ಟರು.

"ನೀವು ಹೇಳಿಲ್ಲ ಅಂತ ನಂಬ್ತೀನಿ" ಎಂದರು. "ಆದ್ರೆ ಶಾಲೇಲಿ ಈಗ ನನ್ನ ಕೈಯಿಂದ ನೋಟ್‌ಬುಕ್ ಕಟ್ಟು ಕಿತ್ತುಕೊಂಡು ತಾವೇ ಹೊರ್ತಾರೆ. ಸ್ಟಾಫ್ ರೂಮಿಗೆ ನಾನು ಹೋದ ತಕ್ಷಣ ಮಾತು ನಿಂತ್ಹೋಗುತ್ತೆ. ಇನ್ನೊಂದು ಸಲ ನಿಮ್ಮ ಪರದೆ ಹಿಂದೆ ಬಂದು ನಿಲ್ಲೋಕೆ ನನ್ನಿಂದ ಆಗಲ್ಲಮ್ಮ. ಬೇಜಾರು ಮಾಡ್ಕೋಬೇಡಿ."

"ಹಾಗಲ್ಲ ಟೀಚರ್, ಬಟ್ಟೆ ಕಳಿಸಿದ್ರೆ ಸಾಕು, ನಾನು ಹಳೇ ಅಳತೇಲೇ..."

"ಬೇಡ" ಎಂದರು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಮಗಳ ಸೀಟು ಹೋಗಲಿಲ್ಲ. ಬಳಗದ ಮೇಡಂ ಅವಳನ್ನು ಕರೆಸಿ, ತಪ್ಪು ತಿಳಿಸಿ, ಮೂರು ತಿಂಗಳು ನೋಡೋಣವೆಂದು ಸೇರಿಸಿಕೊಂಡರು. ಮುಂದಿನ ತಂಡಕ್ಕೆ, ಇಂಥ ಎಡವಟ್ಟು ಹೇಗಾಗುತ್ತದೆಂದು ಅವಳೇ ಪಾಠ ಹೇಳಬೇಕಂತೆ. ಮನೆಯಲ್ಲಿ ಅತ್ತೆ ಸಿಹಿ ಹಂಚಿದಳು. "ನೋಡಿದ್ಯಾ, ಎಲ್ಲ ಒಳ್ಳೇದೇ ಆಯ್ತು. ನೀನು ಸುಮ್ಮನೆ ರಂಪ ಮಾಡಿದೆ" ಎಂದ ಗಂಡ.

"ಆ ಪಾಠದಲ್ಲಿ ಟೀಚರ ವಿಷಯ ಬರುತ್ತಾ?" ಎಂದು ಕೇಳಿದಳು ಟೇಪಮ್ಮ.

ಮಗಳು ತಲೆ ತಗ್ಗಿಸಿದಳು. "ಅವರನ್ನ ಕೇಳದೆ ಹೇಳಲ್ಲ ಅಂತ ಮೇಡಂಗೆ ಹೇಳಿದ್ದೀನಿ. ನಿನ್ನೆ ಹೋಗಿದ್ದೆ ಅಮ್ಮ ಅವರ ಮನೆಗೆ."

"ಏನಂದ್ರು?"

"ಒಳಗೆ ಕರೆದು ಕೂರಿಸಿದ್ರು. ಟೀ ಕೊಟ್ರು. ಚಿಕ್ಕವಳು, ಗೊತ್ತಿಲ್ದೇ ಮಾಡಿದ್ದೀಯ, ಚೆನ್ನಾಗಿ ಓದು ಅಂದ್ರು. ನನ್ನ ಮೇಲೆ ಅವರಿಗೆ ಕೋಪ ಇಲ್ಲ."

ಅರ್ಧ ತೆರೆದ ಬಾಗಿಲಿನಲ್ಲಿ ತಾನು ನಿಂತದ್ದನ್ನು ಮಗಳಿಗೆ ಹೇಳಲು ಟೇಪಮ್ಮನಿಗೆ ಮನಸ್ಸಾಗಲಿಲ್ಲ. ಬಟ್ಟಲಿನಲ್ಲಿದ್ದ ಸಿಹಿಯನ್ನು ಅತ್ತೆಯ ಬಟ್ಟಲಿಗೆ ಹಾಕಿ ಎದ್ದಳು.

ಆ ತಿಂಗಳು ಪರವಾನಗಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಳು. ಟ್ರಂಕಿನ ಬೀಗ ಬದಲಾಯಿಸಿದಳು. ಗಂಡ ಇನ್ನೊಂದು ಭಾನುವಾರ, "ಹೊರಗೆ ಹೋಗೋಣ್ವಾ?" ಎಂದಾಗ, "ಯಾಕೆ, ಈ ಸಲ ಏನು ಬೇಕಾಗಿದೆ?" ಎಂದಳು. ಅವನು ಮತ್ತೆ ಕೇಳಲಿಲ್ಲ. ಗಿರಾಕಿಗಳು ಬಂದರು, ಮೊದಲಿನಷ್ಟಲ್ಲ. ಬಂದವರೂ ಅಳತೆ ಕೊಟ್ಟು ಸುಮ್ಮನೆ ಹೋಗುತ್ತಿದ್ದರು. ಪರದೆಯ ಹಿಂದೆ ಈಗ ಟೇಪು ಎಳೆಯುವ ಸದ್ದಷ್ಟೇ.

ಒಂದು ಬೆಳಿಗ್ಗೆ ಮಗಳು ಹೊಸ ಚೀಲ ಹೆಗಲಿಗೇರಿಸಿ ಹೊರಟು ನಿಂತಿದ್ದಳು. ಬೀದಿಯ ಆಚೆ ಬದಿಯಲ್ಲಿ ಟೀಚರು ಶಾಲೆಗೆ ಹೋಗುತ್ತಿದ್ದರು. ಬಿಸಿಲು ಸುಡುತ್ತಿದ್ದರೂ ಮೈತುಂಬ ಕೋಟು, ಪೇಟೆಯಲ್ಲಿ ಕೊಂಡ ರೆಡಿಮೇಡು. ಭುಜ ಜೋತುಬಿದ್ದಿತ್ತು, ಎಡಗಡೆ ಬಟ್ಟೆ ಒಳಕ್ಕೆ ಕುಸಿದು ಒಂದು ಹಳ್ಳವಾಗಿತ್ತು. ಪುಸ್ತಕದ ಚೀಲವನ್ನು ಅಲ್ಲಿಗೆ ಅವುಚಿ ಹಿಡಿದು, ತಲೆ ಬಗ್ಗಿಸಿ, ಬೇಗ ಬೇಗ ನಡೆಯುತ್ತಿದ್ದರು. ಟೇಪಮ್ಮನಿಗೆ ಇಲ್ಲಿಂದಲೇ ಕಂಡಿತು: ಪಕ್ಕದಲ್ಲಿ ಒಂದಿಂಚು ಹಿಡಿದು, ಒಳಗೊಂದು ಪದರ ಅಸ್ತರು ಕೊಟ್ಟರೆ ಸಾಕು. ಅರ್ಧ ಗಂಟೆಯ ಕೆಲಸ.

"ಅಮ್ಮ, ಅವರನ್ನ ಕರೆಯಮ್ಮ" ಎಂದಳು ಮಗಳು. "ನೀನು ಕರೆದ್ರೆ ಬರ್ತಾರೆ."

ಟೇಪಮ್ಮ ಹೊಸ್ತಿಲವರೆಗೆ ಹೋದಳು. ಟೀಚರು ಅಂಗಡಿಯ ನೇರಕ್ಕೆ ಬಂದಾಗ ಮುಖವನ್ನು ಆ ಕಡೆ ತಿರುಗಿಸಿಕೊಂಡು ದಾಟಿದರು. ತಿರುವಿನಲ್ಲಿ ಮರೆಯಾಗುವವರೆಗೂ ಇವಳು ಹಾಗೇ ನಿಂತಿದ್ದಳು.

"ನಿನ್ನ ಬಸ್ಸಿಗೆ ಹೊತ್ತಾಯ್ತು" ಎಂದು ಮಗಳಿಗೆ ಹೇಳಿ, ಒಳಗೆ ಬಂದು ಮಿಷನ್ನಿಗೆ ಕೂತಳು.